ಮಕ್ಕಳೇ ಬರೆಯುವ ಚಿತ್ರಕಥೆ

ಕಣ್ಣಿಗೆ ಸೇರಿದ ಕಲೆಯೊಂದನ್ನು ಕುರಿತು ಕಿವಿಯ ಮೂಲಕ ಮಾತನಾಡಬೇಕಾಗಿ ಬಂದಾಗ ಭಾಷಣಕಾರನಿಗೆ ಸ್ವಲ್ಪ ಸಂಕೋಚವಾಗುವುದು ಸಹಜ. ಆದರೆ ಇಂದಿನ ವಿಷಯದ ಮಟ್ಟಿಗೆ ಆ ಸಂಕೋಚಕ್ಕೆ ಕಾರಣ ಕಡಮೆ. ಬಾನುಲಿಯ ನಾಟಕವನ್ನು ಕೇಳುವಾಗ ಬಾಗಿಲು ತೆರೆದ ಸದ್ದಿನಿಂದ ಬಾಗಿಲನ್ನೂ, ಮೆಟ್ಟಿಲ ಮೇಲಿನ ಹೆಜ್ಜೆಯಿಂದ ಇಡೀ ಮನೆಯನ್ನೂ ಶ್ರೋತೃವು ತನ್ನ ಮನಸ್ಸಿನಲ್ಲಿ ತಾನೇ ಕಟ್ಟಿಕೊಳ್ಳುತ್ತಾನೆ. ಚಿತ್ರಕಥೆಯನ್ನು, ಎಂದರೆ ನಮ್ಮ ಮಕ್ಕಳೆಲ್ಲ ಕಾಮಿಕ್ಸ್ ಎಂದು ಕರೆಯುವ ಆ ಬಗೆಯ ಪುಸ್ತಕವನ್ನು, ಓದುವಾಗಲೂ ನಡೆಯುವುದು ಬಹುಮಟ್ಟಿಗೆ ಇದೇ. ಒಂದು ಚೌಕದಲ್ಲಿ ಹುಡುಗನೊಬ್ಬನು ಮಾವಿನ ಮರದ ಕೆಳಗೆ ಕಲ್ಲೆತ್ತಿ ನಿಂತಿದ್ದಾನೆ. ಮುಂದಿನ ಚೌಕದಲ್ಲಿ ಪಕ್ಕದ ಮನೆಯ ಯಜಮಾನರು ಒಡೆದ ಹೆಂಚನ್ನು ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಾರೆ. ಕಲ್ಲು ಹಾರಿದುದನ್ನು ಯಾರೂ ಬರೆದಿಲ್ಲ, ಹೆಂಚು ಒಡೆದುದನ್ನು ಯಾರೂ ಬರೆದಿಲ್ಲ. ಆದರೂ ಓದುಗನು ಎರಡನ್ನೂ ಕಂಡಿದ್ದಾನೆ. ಎರಡು ಚೌಕಗಳ ನಡುವೆ ಬಿಟ್ಟ ಕಿರುಬೆರಳಿನಗಲದ ಬಿಳಿಯ ಜಾಗದಲ್ಲಿ ಅಷ್ಟು ಸಂಗತಿ ನಡೆದುಹೋಗಿದೆ. ಅಮೆರಿಕದ ಚಿತ್ರಕಾರ ಸ್ಕಾಟ್ ಮೆಕ್‌ಕ್ಲೌಡ್ ಅವರು ೧೯೯೩ರಲ್ಲಿ ಚಿತ್ರಕಥೆಯ ಶಾಸ್ತ್ರವನ್ನು ಚಿತ್ರಕಥೆಯ ರೂಪದಲ್ಲಿಯೇ ಬರೆದು ಪ್ರಕಟಿಸಿದಾಗ ಈ ಬಿಳಿಯ ಜಾಗದ ವಿಚಾರಕ್ಕೆ ಒಂದು ಅಧ್ಯಾಯವನ್ನೇ ಮೀಸಲಿಟ್ಟರು. ಮಕ್ಕಳಿಗೆ ಚಿತ್ರಕಥೆಯನ್ನು ಮಾಡಲು ಕಲಿಸುವುದೆಂದರೆ ಈ ಬಿಳಿಯ ಜಾಗವನ್ನು ಬಳಸಲು ಕಲಿಸುವುದು. ಯಾವ ಕ್ಷಣವನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವನ್ನು ಅವರಲ್ಲಿ ಬೆಳೆಸುವುದು. ಕೈಗೆ ಚಿತ್ರ ಕೂಡಿಬರುವುದು ಅನಂತರದ ಮಾತು. ನಾನು ಈ ಹೊತ್ತು ಹೇಳಬೇಕೆಂದಿರುವುದು ಇಷ್ಟೆ.

ಈ ಕಲೆಯ ಹುಟ್ಟಿನಲ್ಲಿಯೇ ಒಬ್ಬ ಉಪಾಧ್ಯಾಯನಿದ್ದನೆಂಬುದು ಅನೇಕರಿಗೆ ತಿಳಿದಿರಲಾರದು. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ರೊಡಾಲ್ಫ್ ಟೊಪ್‌ಫರ್ ಎಂಬಾತನು ೧೭೯೯ರಲ್ಲಿ ಒಬ್ಬ ವರ್ಣಚಿತ್ರಕಾರನ ಮಗನಾಗಿ ಹುಟ್ಟಿದನು. ತಂದೆಯ ವೃತ್ತಿಯನ್ನೇ ಹಿಡಿಯಬೇಕೆಂಬ ಹಂಬಲ ಅವನಿಗಿದ್ದಿತು. ಕಣ್ಣಿನ ದೋಷವೊಂದು ಅದಕ್ಕೆ ಅಡ್ಡಬಂದುದರಿಂದ ಉಪಾಧ್ಯಾಯನಾಗಿ, ಹುಡುಗರಿಗೆಂದು ವಸತಿಶಾಲೆಯೊಂದನ್ನು ತೆರೆದು, ಬೇಸಿಗೆಯಲ್ಲಿ ಅವರನ್ನು ಕಟ್ಟಿಕೊಂಡು ಆಲ್ಪ್ಸ್ ಪರ್ವತಗಳಲ್ಲಿ ಕಾಲ್ನಡಿಗೆಯ ಯಾತ್ರೆ ಮಾಡುತ್ತ, ತನ್ನ ಮತ್ತು ಅವರ ವಿನೋದಕ್ಕಾಗಿ ೧೮೨೭ರ ಸುಮಾರಿನಿಂದ ಸಾಲುಸಾಲಾಗಿ ಚೌಕಗಳನ್ನು ಎಳೆದು, ಒಂದೊಂದರಲ್ಲಿ ಒಂದೊಂದು ಹಾಸ್ಯಪ್ರಸಂಗವನ್ನು ಬರೆದು, ಕೆಳಗೆ ತನ್ನದೇ ಕೈಬರಹದಲ್ಲಿ ಕಥೆಯನ್ನು ಹೊಂದಿಸತೊಡಗಿದನು. ಮೊದಮೊದಲು ಇವು ಮುದ್ರಣಕ್ಕೆಂದು ಹುಟ್ಟಿದುವಲ್ಲ. ಕೈಯಿಂದ ಕೈಗೆ ಹೋಗುತ್ತಿದ್ದ ನೋಟ್‌ಬುಕ್ಕುಗಳು. ಹಾಗೆ ಹೋಗುತ್ತ ಹೋಗುತ್ತ ಅವು ಮಿತ್ರರ ಮೂಲಕ ವೈಮಾರಿನಲ್ಲಿದ್ದ ವೃದ್ಧ ಕವಿ ಗಯಟೆಯ ಕೈಸೇರಿದುವು. ಜರ್ಮನಿಯ ಆ ಮಹಾಕವಿ ತನ್ನ ಜೀವಿತದ ಕೊನೆಯ ವರ್ಷಗಳಲ್ಲಿ ಈ ಹುಡುಗಾಟದ ಪುಟಗಳನ್ನು ನೋಡಿ ನಕ್ಕು ಮೆಚ್ಚಿದ ಮೇಲೆಯೇ ಟೊಪ್‌ಫರನಿಗೆ ಇವನ್ನು ಪ್ರಕಟಿಸುವ ಧೈರ್ಯ ಬಂದುದು. ೧೮೩೩ರಲ್ಲಿ ಮೊದಲನೆಯದು ಅಚ್ಚಾಯಿತು. ವಿಶೇಷ ಹಾಳೆಯೊಂದರ ಮೇಲೆ ಲೇಖನಿಯಿಂದ ಬರೆದುದನ್ನು ನೇರವಾಗಿ ಕಲ್ಲಚ್ಚಿಗೆ ಇಳಿಸುವ ಅಂದಿನ ಹೊಸ ಉಪಾಯವನ್ನು ಅವನು ಆರಿಸಿಕೊಂಡನೆಂಬುದನ್ನು ಗಮನಿಸಬೇಕು. ಅಚ್ಚುಮೊಳೆಯ ಅಂದವಾಗಲಿ ಕೆತ್ತನೆಗಾರನ ಕೈವಾಡವಾಗಲಿ ನಡುವೆ ಬರದೆ, ಬರೆದವನ ಕೈ ನಡುಗಿದ್ದರೆ ನಡುಕವೂ ಸೇರಿ, ಇದ್ದದ್ದು ಇದ್ದ ಹಾಗೆ ಓದುಗನ ಕೈಗೆ ಹೋಗುವ ಮಾರ್ಗ ಅದು. ನಮ್ಮ ಊರಿನ ಜೆರಾಕ್ಸ್ ಅಂಗಡಿಯವರು ಇಂದು ಕೆಲವು ರೂಪಾಯಿಗಳಿಗೆ ಮಾಡಿಕೊಡುವ ಕೆಲಸವೂ ಅದೇ ಅಲ್ಲವೆ?

ಟೊಪ್‌ಫರನು ಸಾಯುವುದಕ್ಕೆ ಒಂದು ವರ್ಷ ಮೊದಲು, ೧೮೪೫ರಲ್ಲಿ, ಮುಖಲಕ್ಷಣವನ್ನು ಕುರಿತು ಒಂದು ಪ್ರಬಂಧವನ್ನು ಬರೆದನು. ಅದರಲ್ಲಿ ಅವನು ಮಂಡಿಸುವ ಒಂದು ತತ್ತ್ವ ಬಾಲಶಿಕ್ಷಣದ ದೃಷ್ಟಿಯಿಂದ ಅಮೂಲ್ಯವಾದುದು. ಮನುಷ್ಯನ ಮುಖವನ್ನು ಎಷ್ಟೇ ಅಡ್ಡಾದಿಡ್ಡಿಯಾಗಿ, ಎಷ್ಟೇ ಅನನುಭವಿಯಾದ ಕೈ ಬರೆದಿರಲಿ, ಒಮ್ಮೆ ಅದು ಮುಖವೆಂದು ಗುರುತಾಯಿತೆಂದರೆ ಅದಕ್ಕೆ ಒಂದು ಭಾವ ಬಂದೇ ಬಂದಿರುತ್ತದೆ. ಬರೆದವನು ಉದ್ದೇಶಿಸಿದ್ದರೂ ಸರಿ, ಇಲ್ಲದಿದ್ದರೂ ಸರಿ. ಇದನ್ನು ಯಾವ ತರಗತಿಯಲ್ಲಿ ಬೇಕಾದರೂ ಪರೀಕ್ಷಿಸಬಹುದು. ಮಕ್ಕಳಿಗೆ ಒಂದು ಹಾಳೆಯ ತುಂಬ ರೂಪಾಯಿ ನಾಣ್ಯವನ್ನಿಟ್ಟು ವೃತ್ತಗಳನ್ನು ಎಳೆಯಲು ಹೇಳಿ, ಒಳಗೆ ಎರಡು ಚುಕ್ಕೆ, ಒಂದು ಗೆರೆ ಇಡಿಸಿ, ಅನಂತರ ಹುಬ್ಬನ್ನು ಮಾತ್ರ ಬದಲಾಯಿಸುತ್ತ ಹೋಗಿರೆಂದರೆ, ಹತ್ತು ನಿಮಿಷಗಳೊಳಗೆ ಕೋಪಿಷ್ಠರು, ಅಳುಬುರುಕರು, ಕಳ್ಳರು, ನಿದ್ದೆಗಣ್ಣಿನವರು, ಗಣಿತದ ಪರೀಕ್ಷೆಗೆ ಕೂತವರು ಎಲ್ಲರೂ ಹುಟ್ಟಿ ಬಂದು, ತರಗತಿ ನಗುವಿನಿಂದ ತುಂಬಿಹೋಗುತ್ತದೆ. “ನನಗೆ ಚಿತ್ರ ಬರೋದಿಲ್ಲ” ಎಂದು ಹಿಂದಿನ ಬೆಂಚಿನಲ್ಲಿ ಕೈಕಟ್ಟಿ ಕೂತಿದ್ದ ಹುಡುಗನ ಹಾಳೆಯೂ ಆ ಹೊತ್ತಿಗೆ ತುಂಬಿರುತ್ತದೆ. ಚಿತ್ರಕಥೆಗೆ ಬೇಕಾದ ಚಿತ್ರವಿದ್ಯೆಯಲ್ಲಿ ಮುಕ್ಕಾಲು ಪಾಲು ಆ ಹೊತ್ತಿಗೆ ಮುಗಿಯಿತೆಂದು ನಾನು ಧೈರ್ಯವಾಗಿ ಹೇಳಬಲ್ಲೆ. ಉಳಿದ ಕಾಲು ಪಾಲಿನಲ್ಲಿ ಮುಖ್ಯವಾದುದು ಒಂದೇ: ಮೊದಲನೆಯ ಚೌಕದಲ್ಲಿದ್ದ ಹುಡುಗಿಯೇ ನಾಲ್ಕನೆಯ ಚೌಕದಲ್ಲಿಯೂ ಇದ್ದಾಳೆಂದು ಗುರುತಾಗಬೇಕು. ಅದಕ್ಕೆ ಎರಡು ಜಡೆಯೋ, ಚುಕ್ಕೆ ಲಂಗವೋ, ಮೂಗಿನ ಮೇಲೊಂದು ಮಚ್ಚೆಯೋ ಸಾಕು.

ಇಲ್ಲಿ ಹಿರಿಯರ ಒಂದು ಆಕ್ಷೇಪವನ್ನು ಎದುರಿಸದೆ ಮುಂದಕ್ಕೆ ಹೋಗುವಂತಿಲ್ಲ. ಕಾಮಿಕ್ಸ್ ಓದಿದ ಮಕ್ಕಳು ಕೆಡುತ್ತಾರೆ, ಅವರ ಭಾಷೆ ಬಡವಾಗುತ್ತದೆ, ಪಾಠದ ಪುಸ್ತಕದ ನಡುವೆ ಅದನ್ನು ಬಚ್ಚಿಟ್ಟುಕೊಂಡು ಓದುತ್ತಾರೆ ಎಂಬ ಮಾತು ಎರಡು ಮೂರು ತಲೆಮಾರುಗಳಿಂದ ನಡೆದುಬಂದಿದೆ. ನ್ಯೂಯಾರ್ಕಿನ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರು ೧೯೫೪ರಲ್ಲಿ ಇದನ್ನು ಒಂದು ಗ್ರಂಥವಾಗಿಯೇ ಬರೆದು ಅಮೆರಿಕದ ತಾಯಿತಂದೆಗಳನ್ನು ಗಾಬರಿಗೊಳಿಸಿದರು. ಅದೇ ವರ್ಷ ಅಲ್ಲಿನ ಪ್ರಕಾಶಕರು ತಮಗೆ ತಾವೇ ಒಂದು ನಿಯಮಾವಳಿಯನ್ನು ವಿಧಿಸಿಕೊಂಡರು. ನಮ್ಮ ದೇಶದಲ್ಲಿಯೂ ಎಳೆಯರಿಗೆ ಹಾನಿಕರವಾದ ಪ್ರಕಟಣೆಗಳನ್ನು ತಡೆಯುವ ಶಾಸನವೊಂದು ೧೯೫೬ರಲ್ಲಿ ಆಯಿತು; ಅಪರಾಧ, ಕ್ರೌರ್ಯ, ಬೀಭತ್ಸಗಳನ್ನು ಚಿತ್ರಗಳ ಮೂಲಕ ಹೇಳುವ ಕಥೆಗಳು ಅದರ ವ್ಯಾಪ್ತಿಗೆ ಬಂದವು. ಆ ಭಯದಲ್ಲಿ ಸ್ವಲ್ಪವೂ ಸತ್ಯವಿರಲಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಪಾತ್ರೆಯೊಳಗಿನ ಪದಾರ್ಥ ಕೆಟ್ಟಿತ್ತೆಂದು ಪಾತ್ರೆಯನ್ನೇ ಬೀದಿಗೆಸೆಯುವ ಅವಸರ ಅಲ್ಲಿತ್ತು. ಆ ಪಾತ್ರೆಯಲ್ಲಿ ಬೇರೆ ಪದಾರ್ಥವನ್ನು ತುಂಬಿ ತೋರಿಸಿದವರು ನಮ್ಮವರೇ. ೧೯೨೯ರಲ್ಲಿ ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು, ಮುಂಬಯಿಯಲ್ಲಿ ‘ಇಂದ್ರಜಾಲ ಕಾಮಿಕ್ಸ್’ ಮಾಲೆಯ ಕೆಲಸದಲ್ಲಿ ಪಳಗಿದ ಮೇಲೆ, ‘ಅಮರ ಚಿತ್ರ ಕಥೆ’ಯ ಮೂಲಕ ಪುರಾಣ ಇತಿಹಾಸಗಳನ್ನು ಮನೆಮನೆಗೆ ಮುಟ್ಟಿಸಿದರು, ತಂದೆತಾಯಿಗಳೇ ಹಣ ಕೊಟ್ಟು ಕಾಮಿಕ್ಸ್ ತಂದುಕೊಡುವ ಕಾಲ ಬಂತು. ಕನ್ನಡದ ಮಕ್ಕಳಿಗೆ ‘ಬಾಲಮಂಗಳ’ದ ಡಿಂಗನ ಸಾಹಸಗಳು ಬಾಯಿಪಾಠವಾಗಿದ್ದುದನ್ನು ಈಗಿನ ಮಧ್ಯವಯಸ್ಕರು ಮರೆತಿರಲಾರರು. ಇಷ್ಟಾದರೂ ಇವೆಲ್ಲ ಹಿರಿಯರು ಮಾಡಿ ಕಿರಿಯರಿಗೆ ಕೊಟ್ಟವು. ಅನಂತ ಪೈ ಅವರೇ ೧೯೮೦ರಲ್ಲಿ ಆರಂಭಿಸಿದ ‘ಟಿಂಕಲ್’ ಪತ್ರಿಕೆ, ಓದುವ ಮಕ್ಕಳು ಬರೆದು ಕಳುಹಿದ ಕಥೆಗಳನ್ನು ತನ್ನ ಚಿತ್ರಕಾರರಿಂದ ಬರೆಯಿಸಿ ಅಚ್ಚುಹಾಕಿ, ಒಂದು ಹೆಜ್ಜೆ ಮುಂದಕ್ಕಿಟ್ಟಿತು. ಅಲ್ಲಿಂದ ಮುಂದಿನ ಹೆಜ್ಜೆಯನ್ನು, ಎಂದರೆ ಕಥೆಯೂ ಚಿತ್ರವೂ ಅಕ್ಷರವೂ ಮಗುವಿನದೇ ಆಗುವುದನ್ನು, ಯಾವ ಪ್ರಕಾಶಕನೂ ಮಾಡಲಾರ. ಅದು ಶಾಲೆಯಲ್ಲಿ, ಮನೆಯ ಜಗುಲಿಯಲ್ಲಿ ಆಗಬೇಕಾದ ಕೆಲಸ.

ಹೊಸದೊಂದನ್ನು ಹೊರನಾಡಿನಿಂದ ತಂದು ಮಕ್ಕಳ ತಲೆಗೆ ಕಟ್ಟುತ್ತಿದ್ದೇವೆಂದು ಯಾರಿಗಾದರೂ ಅನ್ನಿಸಿದರೆ ಅವರು ತರೀಕೆರೆಯ ಬಳಿಯ ಅಮೃತಾಪುರಕ್ಕೆ ಹೋಗಿಬರಬೇಕು. ೧೧೯೬ರಲ್ಲಿ, ಹೊಯ್ಸಳ ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕನು ಕಟ್ಟಿಸಿದ ಆ ದೇವಾಲಯದ ತೆರೆದ ಮಂಟಪದ ಹೊರಗೋಡೆಯ ಮೇಲೆ ದಕ್ಷಿಣದ ಕಡೆ ರಾಮಾಯಣದ ಎಪ್ಪತ್ತರಷ್ಟು ಫಲಕಗಳೂ, ಉತ್ತರದ ಕಡೆ ಕೃಷ್ಣಲೀಲೆ ಮತ್ತು ಮಹಾಭಾರತದ ಫಲಕಗಳೂ ಸಾಲಾಗಿ ನಿಂತಿವೆ. ಸೋಮನಾಥಪುರದ ದೇವಾಲಯದ ಪಟ್ಟಿಕೆಗಳಲ್ಲಿಯೂ ಕಥೆಯಿದೆ. ಆದರೆ ಅಲ್ಲಿ ಅದು ಎಡೆಬಿಡದೆ ಹರಿದುಹೋಗುತ್ತದೆ. ಅಮೃತಾಪುರದ ಶಿಲ್ಪಿ ಒಂದೊಂದು ಪ್ರಸಂಗವನ್ನು ಬೇರೆಬೇರೆ ಫಲಕದಲ್ಲಿ ಕಡಿದು ನಿಲ್ಲಿಸಿದ್ದಾನೆ. ಇಪ್ಪತ್ತನಾಲ್ಕು ಸಾವಿರ ಶ್ಲೋಕಗಳ ಕಾವ್ಯವನ್ನು ಎಪ್ಪತ್ತು ಕಲ್ಲುಗಳಿಗೆ ಇಳಿಸಬೇಕಾದರೆ ಅವನು ಎಷ್ಟನ್ನು ಬಿಟ್ಟಿರಬೇಕು, ಬಿಡುವಾಗ ಎಷ್ಟು ಆಲೋಚಿಸಿರಬೇಕು! ಮಕ್ಕಳನ್ನು ಅಲ್ಲಿಗೆ ಪ್ರವಾಸಕ್ಕೆ ಕರೆದೊಯ್ಯುವ ಉಪಾಧ್ಯಾಯರು ದೇವಾಲಯದ ಇಸವಿಯನ್ನು ಬರೆಯಿಸುವುದರ ಜೊತೆಗೆ, ಈ ಫಲಕಕ್ಕೂ ಆ ಫಲಕಕ್ಕೂ ನಡುವೆ ಏನೇನು ನಡೆಯಿತೆಂದು ಒಂದು ಪ್ರಶ್ನೆಯನ್ನು ಕೇಳಿದರೆ, ಚಿತ್ರಕಥೆಯ ಅರ್ಧ ಪಾಠ ಅಲ್ಲಿಯೇ ಆದಂತಾಯಿತು. ಕಲ್ಯಾಣದ ಚಾಲುಕ್ಯ ದೊರೆ ಮುಮ್ಮಡಿ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಚಿತ್ರವನ್ನು ತೋರಿಸುತ್ತ ಕಥೆ ಹೇಳುವ ಚಿತ್ರಕಥಕನ ಪ್ರಸ್ತಾಪವೂ ಉಂಟು. ನಮಗೆ ಇದು ಅಪರಿಚಿತವಾದ ವಿದ್ಯೆಯಲ್ಲ.

ಈಗ ತರಗತಿಗೆ ಬರೋಣ. ಮಕ್ಕಳಿಗೆ ಹಾಳೆ ಕೊಟ್ಟು “ಒಂದು ಕಥೆಯನ್ನು ಚಿತ್ರಗಳಲ್ಲಿ ಹೇಳಿ” ಎಂದಷ್ಟೇ ಹೇಳಿದರೆ ಬರುವ ಫಲ ಸಾಮಾನ್ಯವಾಗಿ ಒಂದೇ ಬಗೆಯದು. ಮೊದಲನೆಯ ಚೌಕದಲ್ಲಿ ಎರಡು ಗುಡ್ಡಗಳ ನಡುವೆ ಸೂರ್ಯ ಹುಟ್ಟುತ್ತಾನೆ. ಬೆಳಗಾವಿಯಿಂದ ಚಾಮರಾಜನಗರದವರೆಗೆ, ಗುಡ್ಡವನ್ನೇ ಕಾಣದ ಬಯಲುಸೀಮೆಯಲ್ಲಿ ಕೂಡ, ನಮ್ಮ ಮಕ್ಕಳ ಸೂರ್ಯ ಎರಡು ಗುಡ್ಡಗಳ ನಡುವೆಯೇ ಹುಟ್ಟತಕ್ಕದ್ದು. ಎರಡನೆಯ ಚೌಕದಲ್ಲಿ ಹುಡುಗ ಏಳುತ್ತಾನೆ, ಮೂರನೆಯದರಲ್ಲಿ ಹಲ್ಲುಜ್ಜುತ್ತಾನೆ, ನಾಲ್ಕನೆಯದರಲ್ಲಿ ಇಡ್ಲಿ ತಿನ್ನುತ್ತಾನೆ, ಐದನೆಯದರಲ್ಲಿ ಚೀಲ ಹೆಗಲಿಗೇರುತ್ತದೆ, ಆರನೆಯ ಚೌಕದ ಮೂಲೆಯಲ್ಲಿ, ಹಾಳೆ ಮುಗಿದುಹೋದ ಸಂಕಟದಲ್ಲಿ, ಚಪ್ಪಲಿ ಕಚ್ಚಿಕೊಂಡು ಓಡುವ ನಾಯಿಯೊಂದು ಇರುವೆಯಷ್ಟಾಗಿ ಕಾಣಿಸಿಕೊಳ್ಳುತ್ತದೆ. ಕಥೆಯೆಂಬುದು ಇದ್ದರೆ ಅದು ಆ ನಾಯಿಯಲ್ಲಿದೆ. ಉಪಾಧ್ಯಾಯನು ಈ ಸಂದರ್ಭದಲ್ಲಿ ಮಾಡಬೇಕಾದುದು ಬಲು ಸ್ವಲ್ಪ. “ಈ ಆರರಲ್ಲಿ ಯಾವುದನ್ನು ತೆಗೆದುಹಾಕಿದರೂ ನಿನ್ನ ಕಥೆ ನನಗೆ ತಿಳಿಯುತ್ತೆ, ಹೇಳಪ್ಪ” ಎಂದು ಕೇಳಿ ಸುಮ್ಮನೆ ನಿಂತರೆ ಸಾಕು. ಹುಡುಗ ಮೊದಲು ಹಲ್ಲುಜ್ಜುವುದರ ಮೇಲೆ ಬೆರಳಿಡುತ್ತಾನೆ, ಅನಂತರ ಇಡ್ಲಿ, ಸ್ವಲ್ಪ ಹಿಂದುಮುಂದು ನೋಡಿ, ಕೊನೆಗೆ ಸೂರ್ಯನ ಮೇಲೆ. “ಹಾಗಾದರೆ ನಾಯಿಗೆ ಈಗ ಎಷ್ಟು ಜಾಗ ಸಿಕ್ಕಿತು?” “ನಾಲ್ಕು ಚೌಕ, ಸಾರ್!” ಆ ಉತ್ತರದಲ್ಲಿರುವ ಹಿಗ್ಗು ಒಬ್ಬ ಕರ್ತೃವಿನದು. ಇಷ್ಟುದಿನ ಪ್ರಬಂಧರಚನೆಯ ಪಾಠದಲ್ಲಿ ‘ಅನಾವಶ್ಯಕ ವಿಷಯಗಳನ್ನು ಬಿಡಬೇಕು’ ಎಂದು ನಾವು ಹಲಗೆಯ ಮೇಲೆ ಬರೆದು ಬರೆದು ಕಲಿಸಲಾರದೆ ಹೋದುದನ್ನು, ಜಾಗದ ಅಭಾವವೆಂಬ ಒಬ್ಬ ಗುರು ಒಂದು ಗಂಟೆಯಲ್ಲಿ ಕಲಿಸಿಬಿಟ್ಟನು.

ಆದಕಾರಣ ಆರಂಭದಲ್ಲಿ ಚೌಕಗಳ ಸಂಖ್ಯೆಯನ್ನು ನಾಲ್ಕಕ್ಕೆ ಮಿತಗೊಳಿಸುವುದು ಹಿತ. ದೆಹಲಿಯ ವ್ಯಂಗ್ಯಚಿತ್ರಕಾರ ಶರದ್ ಶರ್ಮ ಅವರೂ ಅವರ ‘ವರ್ಲ್ಡ್ ಕಾಮಿಕ್ಸ್ ಇಂಡಿಯಾ’ ಸಂಸ್ಥೆಯವರೂ ರಾಜಸ್ಥಾನದ ಮರುಭೂಮಿಯ ಹಳ್ಳಿಗಳಿಂದ ಮಿಜೋರಾಮಿನ ಬೆಟ್ಟಗಳವರೆಗೆ ನಡೆಸಿಕೊಂಡು ಬಂದಿರುವ ಶಿಬಿರಗಳ ಮುಖ್ಯ ಸಾಧನ ಇದೇ ನಾಲ್ಕು ಚೌಕ. ಎರಡು ಎ೪ ಹಾಳೆಗಳನ್ನು ಅಂಟಿಸಿ ಒಂದು ಮಾಡಿ, ಮೊದಲು ಪೆನ್ಸಿಲಿನಲ್ಲಿ ಬರೆದು, ಮೇಲೆ ಕಪ್ಪು ಮಸಿ ತಿದ್ದಿ, ಜೆರಾಕ್ಸ್ ಮಾಡಿಸಿ, ಬಸ್ಸು ನಿಲ್ಲುವ ಕಡೆ, ಚಹದ ಅಂಗಡಿಯ ಗೋಡೆಗೆ, ಪಂಚಾಯಿತಿ ಕಟ್ಟಡದ ಬಾಗಿಲಿಗೆ ಹಚ್ಚುವುದು. ಬರೆದವರು ಚಿತ್ರಕಲೆಯ ಗಂಧವೂ ಇಲ್ಲದ ಸಾಮಾನ್ಯ ಜನ, ಅವರಲ್ಲಿ ಮಕ್ಕಳೂ ಅನೇಕರು. ಹೇಳಬೇಕಾದ ಮಾತು ಊರಿನದು, ಓದುವವರೂ ಊರಿನವರು. ಮೊದಲ ಚೌಕದಲ್ಲಿ ಯಾರು, ಎಲ್ಲಿ ಎಂಬ ಪರಿಚಯ; ಎರಡನೆಯದರಲ್ಲಿ ಸಂಗತಿಯ ಬೆಳವಣಿಗೆ; ಮೂರನೆಯದರಲ್ಲಿ ತಿರುವು; ನಾಲ್ಕನೆಯದರಲ್ಲಿ ಮುಕ್ತಾಯ. ಜಪಾನಿನ ದಿನಪತ್ರಿಕೆಗಳಲ್ಲಿ ಬರುವ ನಾಲ್ಕು ಚೌಕದ ಚಿತ್ರಕಥೆಗಳಿಗೂ ಇದೇ ಸೂತ್ರ. ಚೀನೀ ಕಾವ್ಯದಿಂದ ಬಂದ ಆ ಸೂತ್ರವನ್ನು ಅವರು ಕಿ, ಶೋ, ತೆನ್, ಕೆತ್ಸು ಎಂದು ಎಣಿಸುತ್ತಾರೆ. ಮಚಿಕೊ ಹಸೆಗಾವ ಎಂಬ ಮಹಿಳೆ ೧೯೪೬ರಿಂದ ೧೯೭೪ರವರೆಗೆ ಒಬ್ಬ ಸಾಧಾರಣ ಗೃಹಿಣಿಯ ಸಂಸಾರದ ಕಥೆಯನ್ನು ಈ ನಾಲ್ಕೇ ಚೌಕಗಳಲ್ಲಿ ಹೇಳಿ ಆ ದೇಶವನ್ನೆಲ್ಲ ನಗಿಸಿದಳು. ನಮ್ಮ ಆಲಂಕಾರಿಕರು ನಾಟಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣವೆಂದು ಐದು ಸಂಧಿಗಳನ್ನು ಹೇಳಿದರಷ್ಟೆ. ಮಗುವಿನ ಹಾಳೆ ಚಿಕ್ಕದಾದುದರಿಂದ ಒಂದು ಸಂಧಿಯನ್ನು ಬಿಟ್ಟರೆ ಭರತಮುನಿ ಕೋಪಿಸಿಕೊಳ್ಳಲಾರರು. ಮೂರನೆಯ ಚೌಕದ ತಿರುವು ಮಾತ್ರ ಇರಲೇಬೇಕು. ತಿರುವಿಲ್ಲದ ಕಥೆಯನ್ನು ತಂದ ಮಗುವಿಗೆ “ಆದರೆ?” ಎಂಬ ಒಂದು ಪದವನ್ನು ಕೊಟ್ಟು ಕಳುಹಿಸಬಹುದು.

ಮಾತಿನ ಗುಳ್ಳೆಗಳ ವಿಷಯದಲ್ಲಿ ಕನ್ನಡದ ಮಕ್ಕಳಿಗೆ ಕೆಲವು ವಿಶೇಷ ತೊಡಕುಗಳಿವೆ; ಇವನ್ನು ಇಂಗ್ಲಿಷಿನಲ್ಲಿ ಬಂದಿರುವ ಕೈಪಿಡಿಗಳು ಹೇಳವು. ಮಗು ಮೊದಲು ಅಂದವಾದ ಗುಳ್ಳೆಯನ್ನು ಬರೆದು, ಅನಂತರ ಅದರೊಳಗೆ ಮಾತನ್ನು ತುಂಬಲು ಹೊರಡುತ್ತದೆ. ನಮ್ಮ ಅಕ್ಷರಗಳಿಗೆ ತಲೆಯ ಮೇಲೆ ಗುಡಿಸು, ಪಕ್ಕದಲ್ಲಿ ಕೊಂಬು, ಕಾಲಿನ ಕೆಳಗೆ ಒತ್ತು. ‘ಮೇಷ್ಟ್ರು’ ಎಂಬ ಒಂದು ಪದ ಎರಡು ಸಾಲಿನ ಎತ್ತರವನ್ನು ನುಂಗುತ್ತದೆ. ಮೂರನೆಯ ಸಾಲಿನ ಹೊತ್ತಿಗೆ ಅಕ್ಷರಗಳು ಇರುವೆಗಳಾಗಿ, ಕೊನೆಯ ಪದ ಗುಳ್ಳೆಯನ್ನು ಒಡೆದುಕೊಂಡು ಹೊರಗೆ ಬಿದ್ದಿರುತ್ತದೆ. ಆದುದರಿಂದ ಮಾತನ್ನು ಮೊದಲು ಬರೆಯಿಸಿ, ಸಾಲುಗಳ ನಡುವೆ ಒತ್ತಕ್ಷರಕ್ಕೆ ಎಡೆ ಬಿಡಿಸಿ, ಆಮೇಲೆ ಅದರ ಸುತ್ತ ಗುಳ್ಳೆಯನ್ನು ಎಳೆಯಿಸಬೇಕು. ಆ ಗುಳ್ಳೆ ಬಿಟ್ಟು ಉಳಿದ ಜಾಗದಲ್ಲಿ ಮನುಷ್ಯರು ನಿಂತುಕೊಳ್ಳಲಿ. ಮೊದಲು ಮಾತನಾಡುವವನು ಎಡಗಡೆ ನಿಲ್ಲಬೇಕು, ಉತ್ತರ ಕೊಡುವವನು ಬಲಗಡೆ. ಇಲ್ಲದಿದ್ದರೆ ಉತ್ತರ ಪ್ರಶ್ನೆಗಿಂತ ಮುಂದಾಗಿ ಬಂದುಬಿಡುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಭಾಷೆಯದು. ಗುಳ್ಳೆಯೊಳಗೆ ಮಗು ಏನು ಬರೆಯುತ್ತದೆ? “ನೀನು ಎಲ್ಲಿಗೆ ಹೋಗುತ್ತಿರುವೆ?” “ನಾನು ಅಂಗಡಿಗೆ ಹೋಗುತ್ತಿರುವೆನು.” ಕರ್ನಾಟಕದ ಯಾವ ಓಣಿಯಲ್ಲಿಯೂ ಯಾವ ಇಬ್ಬರು ಮಕ್ಕಳೂ ಹೀಗೆ ಮಾತನಾಡಿಕೊಂಡುದನ್ನು ನಾನು ಕೇಳಿಲ್ಲ. ಬರಹವೆಂದರೆ ಪುಸ್ತಕದ ಭಾಷೆ, ಉಳಿದುದೆಲ್ಲ ತಪ್ಪು ಎಂದು ನಾವು ಅವರಿಗೆ ಒಂದನೆಯ ತರಗತಿಯಿಂದಲೇ ಕಲಿಸಿದ್ದೇವೆ. ಪುಸ್ತಕದ ಭಾಷೆಯನ್ನು ಕಲಿಸಬೇಕಾದುದು ಸರಿಯೆ, ಗ್ರಾಂಥಿಕ ಭಾಷೆ ಬೇಡವೆನ್ನುವವನು ನಾನಲ್ಲ, ನನ್ನ ಈ ಭಾಷಣದ ಶೈಲಿಯೇ ಅದಕ್ಕೆ ಸಾಕ್ಷಿ. ಆದರೆ ಶಾಲೆಯ ಬರವಣಿಗೆಯಲ್ಲಿ ಧಾರವಾಡದ ಮಗುವಿನ “ಎಲ್ಲಿಗ್ ಹೊಂಟೀ?” ಎಂಬುದಕ್ಕೂ, ಮಂಡ್ಯದ “ಎಲ್ಗೋಯ್ತಿದ್ದೀಯ್ಲಾ?” ಎಂಬುದಕ್ಕೂ, ಕುಂದಾಪುರದ “ಎಲ್ಲಿಗ್ ಹ್ವಾಪುದ್ ಮಾರಾಯ?” ಎಂಬುದಕ್ಕೂ ನ್ಯಾಯವಾಗಿ ದೊರೆಯಬಲ್ಲ ಸ್ಥಳ ಯಾವುದಾದರೂ ಇದ್ದರೆ ಅದು ಈ ಗುಳ್ಳೆ. ಚೌಕದ ಮೇಲ್ಭಾಗದ ಪಟ್ಟಿಯಲ್ಲಿ ‘ಮರುದಿನ ಬೆಳಿಗ್ಗೆ’ ಎಂದು ನಿರೂಪಣೆ ಪುಸ್ತಕದ ಭಾಷೆಯಲ್ಲಿರಲಿ. ಗುಳ್ಳೆಯಲ್ಲಿ ಮನೆಯ ಮಾತಿರಲಿ. ಎರಡು ಭಾಷಾರೂಪಗಳಿಗೂ ಅವುಗಳದೇ ಆದ ಸ್ಥಾನವಿದೆಯೆಂಬ ತಿಳಿವಳಿಕೆ ಮಗುವಿಗೆ ಇದಕ್ಕಿಂತ ಸುಲಭವಾಗಿ ಬರುವ ದಾರಿಯನ್ನು ನಾನು ಕಾಣೆ. ಮನೆಯಲ್ಲಿ ತುಳುವನ್ನೋ, ಲಂಬಾಣಿಯನ್ನೋ, ಉರ್ದುವನ್ನೋ ಆಡುವ ಮಗುವಿನ ಅಜ್ಜಿ ಗುಳ್ಳೆಯೊಳಗೆ ಆ ಭಾಷೆಯನ್ನೇ ಕನ್ನಡ ಲಿಪಿಯಲ್ಲಿ ಆಡಲಿ. ಕೆಳಗೆ ಅರ್ಥ ಕೊಟ್ಟರಾಯಿತು.

ಹಾಗೆಯೇ ಸದ್ದುಗಳು. ಮಕ್ಕಳು ಟೆಲಿವಿಷನ್ನಿನಿಂದಲೂ ಸಿನಿಮಾದಿಂದಲೂ ‘ಢಿಶುಂ’ ಒಂದನ್ನೇ ಕಲಿತು ಬಂದಿರುತ್ತಾರೆ. ವ್ಯಾಕರಣದ ಪರೀಕ್ಷೆಗೆಂದು ಅವರು ಉರುಹಚ್ಚಿದ ಅನುಕರಣಾವ್ಯಯಗಳು, ದಬದಬ, ಸರಸರ, ಗುಳುಗುಳು, ಚಟಚಟ, ಇವೆಲ್ಲ ಅದುವರೆಗೂ ನಿರುದ್ಯೋಗಿಗಳಾಗಿ ಕೂತಿರುತ್ತವೆ. ತೆಂಗಿನಕಾಯಿ ಬಿದ್ದರೆ ಯಾವ ಸದ್ದು, ಹಲಸಿನ ಹಣ್ಣು ಬಿದ್ದರೆ ಯಾವುದು, ಕೆಸರಿನಲ್ಲಿ ಬಿದ್ದರೆ ಬೇರೆಯೇ ಅಲ್ಲವೆ ಎಂದು ಚರ್ಚೆ ಹತ್ತಿತೆಂದರೆ ಆ ಅವಧಿ ವ್ಯಾಕರಣಕ್ಕೆ ಸಂದಿತೋ ಚಿತ್ರಕ್ಕೆ ಸಂದಿತೋ ಹೇಳುವುದು ಕಷ್ಟ.

ಇನ್ನು ಕಲಿಸುವವರ ಸಂಯಮದ ಮಾತು. ಮೈಸೂರಿನಲ್ಲಿ ೧೯೨೧ರಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣ್ ಅವರು ತಮ್ಮ ಆತ್ಮಕಥೆಯಲ್ಲಿ ಬಾಲ್ಯದ ಶಾಲೆಯ ಒಂದು ಸಂಗತಿಯನ್ನು ನೆನೆದಿದ್ದಾರೆ: ಎಲೆಯೊಂದನ್ನು ಬರೆಯಲು ಹೇಳಿದ ಉಪಾಧ್ಯಾಯರು ಈ ಹುಡುಗ ಬರೆದ ಅರಳಿ ಎಲೆಯನ್ನು ನೋಡಿ, ಮುಂದೆ ನೀನು ಚಿತ್ರಕಾರನಾಗುವೆಯೆಂಬ ಅರ್ಥದ ಮಾತನ್ನಾಡಿದರಂತೆ. ಆ ಹುಡುಗನೇ ಮುಂದೆ ಮುಂಬಯಿಯ ಪ್ರಸಿದ್ಧ ಚಿತ್ರಕಲಾಶಾಲೆಗೆ ಅರ್ಜಿ ಹಾಕಿದಾಗ ಯೋಗ್ಯತೆ ಸಾಲದೆಂದು ಪ್ರವೇಶ ದೊರೆಯಲಿಲ್ಲ, ಡಾ. ಎಂ. ಶಿವರಾಂ ಅವರ ‘ಕೊರವಂಜಿ’ ಪತ್ರಿಕೆಗೆ ಚಿತ್ರಗಳನ್ನು ಬರೆಯುತ್ತ ಪಳಗಿ ಅವರು ಏನಾದರೆಂಬುದನ್ನು ನಾನು ಹೇಳಬೇಕಾದುದಿಲ್ಲ. ಅರಳಿ ಎಲೆಯ ಆ ಉಪಾಧ್ಯಾಯರು ಮೆಚ್ಚಿ ಸುಮ್ಮನಾದರು. ಆದರೆ ನಮ್ಮಲ್ಲಿ ಅನೇಕ ಉಪಾಧ್ಯಾಯರಿಗೆ, ತಾಯಿತಂದೆಗಳಿಗಂತೂ ಇನ್ನೂ ಹೆಚ್ಚಾಗಿ, ಮಗುವಿನ ಕೈಯಿಂದ ಪೆನ್ಸಿಲನ್ನು ತೆಗೆದುಕೊಂಡು “ಕೊಡಿಲ್ಲಿ, ಕುದುರೆ ಹೀಗಿರುತ್ತೆ” ಎಂದು ಬರೆದು ತೋರಿಸುವ ಚಪಲ. ಆ ಕ್ಷಣದಿಂದ ಆ ಕುದುರೆ ಮಗುವಿನದಲ್ಲ; ಅದರ ಪಕ್ಕದಲ್ಲಿ ತನ್ನ ಕುದುರೆಯನ್ನು ನಿಲ್ಲಿಸಲು ಅದಕ್ಕೆ ಇನ್ನು ನಾಚಿಕೆ. ಅಮೆರಿಕದ ಚಿತ್ರಕಾರ್ತಿ ಲಿಂಡಾ ಬ್ಯಾರಿ ಅವರು ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ತಮ್ಮ ತರಗತಿಗಳಲ್ಲಿ ಬೆಳೆದ ವಿದ್ಯಾರ್ಥಿಗಳಿಂದ ಗಡಿಯಾರವಿಟ್ಟು ಎರಡು ಮೂರು ನಿಮಿಷಗಳೊಳಗೆ ಚಿತ್ರ ಬರೆಯಿಸುತ್ತಾರೆ. ಒಬ್ಬರ ಚಿತ್ರವನ್ನು ಇನ್ನೊಬ್ಬರು ಚೆಂದವೆಂದಾಗಲಿ ಕೆಟ್ಟುದೆಂದಾಗಲಿ ಹೇಳುವ ಪದ್ಧತಿಯನ್ನೇ ಅವರು ಇಟ್ಟುಕೊಂಡಿಲ್ಲ. ಅಷ್ಟಕ್ಕೇ ನಿಲ್ಲದೆ, ಸಂಶೋಧನೆ ನಡೆಸುವ ವಿದ್ಯಾರ್ಥಿಗಳನ್ನು ನಾಲ್ಕು ವರ್ಷದ ಮಕ್ಕಳ ಜೊತೆಗೆ ಕೂರಿಸಿ, ದೊಡ್ಡವರು ಚಿಕ್ಕವರಿಂದ ಕಲಿಯುವಂತೆ ಏರ್ಪಾಡು ಮಾಡಿದರು. ನಮ್ಮ ಶಾಲೆಗಳಲ್ಲಿ ಅಷ್ಟು ದೂರ ಹೋಗಲಾಗದಿದ್ದರೂ, ರಬ್ಬರನ್ನು ಆ ಒಂದು ಗಂಟೆ ಚೀಲದಲ್ಲಿಯೇ ಇರಿಸುವಷ್ಟು ಮಾಡಬಹುದು. ಅಳಿಸುತ್ತ ಕೂತ ಮಗು ಎರಡನೆಯ ಚೌಕವನ್ನು ಮುಟ್ಟುವುದೇ ಇಲ್ಲ.

ಕೆಲವು ಮಕ್ಕಳು ಛೋಟಾ ಭೀಮನನ್ನೋ ಡೋರೆಮಾನನನ್ನೋ ನೋಡಿ ನೋಡಿ ಅದನ್ನೇ ಬರೆಯುತ್ತಾರೆ. ಇದನ್ನು ಕಂಡು ಉಪಾಧ್ಯಾಯರು ಸಿಡಿಮಿಡಿಗೊಳ್ಳುವುದುಂಟು. ನಕಲು ಮಾಡುವುದು ಕಲೆಯ ಹಳೆಯ ಅಭ್ಯಾಸ, ಅದನ್ನು ತಡೆಯಬೇಕಾಗಿಲ್ಲ. ಛೋಟಾ ಭೀಮನನ್ನು ನಿಮ್ಮ ಊರಿನ ಸಂತೆಗೆ ಕರೆತನ್ನಿ, ಅವನಿಗೆ ಚಿಲ್ಲರೆ ಸಿಕ್ಕದ ಹಾಗೆ ಮಾಡಿ ಎಂದರಾಯಿತು. ಸಂತೆಯನ್ನು ಬರೆಯಲು ಹೊರಟ ಮಗು ತಾನಾಗಿಯೇ ಭೀಮನನ್ನು ಮರೆಯುತ್ತದೆ.

ನನಗೆ ನಿಜವಾಗಿ ಬೇಸರ ತರುವುದು ಬೇರೆಯದು. ಚಿತ್ರಕಥೆಯ ಸ್ಪರ್ಧೆಯೆಂದು ಎಲ್ಲಿಯಾದರೂ ಏರ್ಪಟ್ಟರೆ ಅದಕ್ಕೆ ಕೊಡುವ ವಿಷಯ ಪರಿಸರ ಸಂರಕ್ಷಣೆ, ಸ್ವಚ್ಛತೆ, ನೀರಿನ ಮಿತವ್ಯಯ, ಇಂಥದೇ. ವಿಷಯಗಳು ಪೂಜ್ಯವಾದವು, ಆದರೆ ಅವಕ್ಕೆ ಬರುವ ಚಿತ್ರಕಥೆಗಳಲ್ಲಿ ಮೂರನೆಯ ಚೌಕದಲ್ಲಿ ಒಬ್ಬ ಕನ್ನಡಕದ ಅಜ್ಜ ಬಂದು ಉಪದೇಶ ಮಾಡುತ್ತಾನೆ, ನಾಲ್ಕನೆಯದರಲ್ಲಿ ಎಲ್ಲರೂ ಗಿಡ ನೆಟ್ಟು ಕೈಮುಗಿದು ನಿಲ್ಲುತ್ತಾರೆ. ಮಗು ಅಲ್ಲಿ ತೀರ್ಪುಗಾರರ ಮನಸ್ಸನ್ನು ಓದಿ ಬರೆದಿದೆ, ತನ್ನದನ್ನಲ್ಲ. ಅದೇ ಮಗುವಿಗೆ ನಿನ್ನ ತಂಗಿಗೂ ನಿನಗೂ ಈಚೆಗೆ ಆದ ಜಗಳ ಯಾವುದೆಂದು ಕೇಳಿದರೆ, ರಿಮೋಟಿನ ಯುದ್ಧವೂ, ಕೊನೆಯ ತುಂಡು ಕೊಬ್ಬರಿ ಮಿಠಾಯಿಯ ವ್ಯಾಜ್ಯವೂ, ಶಾಲೆಯ ನಲ್ಲಿಯಲ್ಲಿ ನೀರು ಬಾರದ ದಿನ ಊಟದ ತಟ್ಟೆ ತೊಳೆದ ಸಾಹಸವೂ ಬರುತ್ತವೆ. ಈ ಕೊನೆಯದರಲ್ಲಿ ನೀರಿನ ವಿಷಯ ತಾನಾಗಿಯೇ ಬಂದಿತಲ್ಲ! ಇಂಥ ಕಥೆಗಳಲ್ಲಿ ಕೆಲವೊಮ್ಮೆ ಹಿರಿಯರಿಗೆ ಇರುಸುಮುರುಸಾಗುವ ಸತ್ಯಗಳು ಬರುವುದುಂಟು. ಕೋಲು ಹಿಡಿದ ಮೇಷ್ಟರು, ಕುಡಿದು ಬಂದ ಅಪ್ಪ. ಆಗ ಕಾಗದವನ್ನು ಕಸಿದುಕೊಳ್ಳದೆ, ನಗೆಗೀಡುಮಾಡದೆ, ಗೋಡೆಗೆ ಹಚ್ಚುವ ಮೊದಲು ಮಗುವನ್ನು ಒಬ್ಬಂಟಿಯಾಗಿ ಕರೆದು ಇದನ್ನು ಎಲ್ಲರಿಗೂ ತೋರಿಸಬಹುದೆ ಎಂದು ಕೇಳುವ ಮರ್ಯಾದೆಯನ್ನು ನಾವು ಉಳಿಸಿಕೊಳ್ಳಬೇಕು.

ಕೊನೆಯದಾಗಿ, ಬರೆದುದು ಪುಸ್ತಕವಾಗಬೇಕು. ಒಂದು ಎ೪ ಹಾಳೆಯನ್ನು ಉದ್ದಕ್ಕೆ ಒಮ್ಮೆ ಮಡಚಿ ಬಿಚ್ಚಿ, ಅಡ್ಡಕ್ಕೆ ಎರಡು ಸಲ ಮಡಚಿ ಬಿಚ್ಚಿದರೆ ಎಂಟು ಮನೆಗಳಾಗುತ್ತವೆ. ನಡುವಿನ ಉದ್ದ ಮಡಿಕೆಯಲ್ಲಿ ಮಧ್ಯದ ಎರಡು ಮನೆಗಳಷ್ಟು ಉದ್ದಕ್ಕೆ ಮಾತ್ರ ಕತ್ತರಿಸಿ, ಹಾಳೆಯನ್ನು ಮತ್ತೆ ಉದ್ದಕ್ಕೆ ಮಡಚಿ, ಎರಡು ತುದಿಗಳನ್ನು ಒಳಕ್ಕೆ ತಳ್ಳಿದರೆ, ಹೊಲಿಗೆಯಿಲ್ಲದೆ ಅಂಟಿಲ್ಲದೆ ಎಂಟು ಪುಟದ ಪುಟ್ಟ ಪುಸ್ತಕ ಸಿದ್ಧ. ಮುಖಪುಟ ಒಂದು, ಹಿಂಪುಟ ಒಂದು, ಕಥೆಗೆ ಆರು. ಮಕ್ಕಳು ಮಡಚಿದ ಮೇಲೆ ಪುಟಸಂಖ್ಯೆಯನ್ನು ಹಾಕಿ, ಆಮೇಲೆ ಬಿಚ್ಚಿ ನೋಡಬೇಕು. ಅರ್ಧ ಪುಟಗಳು ತಲೆಕೆಳಗಾಗಿ ನಿಂತಿರುವುದನ್ನು ಕಂಡು ಅವರಿಗಾಗುವ ಆಶ್ಚರ್ಯದಲ್ಲಿ ಮುದ್ರಣಾಲಯದ ಒಂದು ರಹಸ್ಯವೂ ತಿಳಿದುಬಿಡುತ್ತದೆ. ಎಂಟು ಪುಟಗಳೂ ಹಾಳೆಯ ಒಂದೇ ಮುಖದಲ್ಲಿರುವುದರಿಂದ ಒಂದು ಪುಟದ ಜೆರಾಕ್ಸಿನ ಖರ್ಚಿನಲ್ಲಿ ಒಂದು ಪ್ರತಿ ಬರುತ್ತದೆ. ಮೂವತ್ತು ಮಕ್ಕಳ ತರಗತಿಯಲ್ಲಿ ಮೂವತ್ತು ಪುಸ್ತಕಗಳು. ಒಬ್ಬರದನ್ನು ಒಬ್ಬರು ಕೊಂಡುಕೊಳ್ಳುವ ವ್ಯಾಪಾರ ಯಾರೂ ಹೇಳಿಕೊಡದೆ ನಡೆಯುತ್ತದೆ. ಹಿಂದೆ ನಮ್ಮ ಶಾಲೆಗಳಲ್ಲಿದ್ದ ಗೋಡೆಪತ್ರಿಕೆ ಎಷ್ಟೋ ಕಡೆ ನಿಂತುಹೋಗಿದೆ, ಅದರ ಮರದ ಚೌಕಟ್ಟು ಮಾತ್ರ ಉಳಿದಿದೆ. ನಾಲ್ಕು ಚೌಕದ ಕಥೆಗಳಿಗೆ ಅದಕ್ಕಿಂತ ತಕ್ಕ ಜಾಗ ಬೇಕೆ?

ಈ ಮಾತನ್ನು ಕೇಳುತ್ತಿರುವ ಉಪಾಧ್ಯಾಯ ಬಂಧುಗಳಲ್ಲಿ ನನ್ನ ವಿಜ್ಞಾಪನೆ ಇದು. ಮಕ್ಕಳು ಹೀಗೆ ಮಾಡಿದ ಪುಸ್ತಕಗಳಿಗೆ ಅಂಕ ಹಾಕಬೇಡಿ. ಕೆಂಪು ಪೆನ್ನನ್ನು ಮೇಜಿನೊಳಗಿಟ್ಟು ಮೊದಲಿಂದ ಕೊನೆಯವರೆಗೆ ಓದಿ, ನಗು ಬಂದಲ್ಲಿ ನಕ್ಕು, ತಿಳಿಯದ ಕಡೆ ತಿಳಿಯಲಿಲ್ಲವೆಂದು ಹೇಳಿ. ಅನಂತರ ಒಂದೊಂದು ಪ್ರತಿಯನ್ನು ಶಾಲೆಯ ಗ್ರಂಥಾಲಯದ ದಾಖಲೆ ಪುಸ್ತಕಕ್ಕೆ ಏರಿಸಿ, ಉಳಿದ ಗ್ರಂಥಕರ್ತರಿಗೆ ಕೊಡುವಂತೆಯೇ ಅವರಿಗೂ ಕ್ರಮಸಂಖ್ಯೆ ಕೊಟ್ಟು, ಕಪಾಟಿನಲ್ಲಿ ಇತರ ಮಕ್ಕಳ ಕೈಗೆ ಎಟುಕುವ ಸಾಲಿನಲ್ಲಿ ಇಡಿ.